ಟೀವಿಯೊಳಗಿನ ಕುರಿಗಳು

ನನ್ನ ಗಂಡ ಹರೀಶ ಅವರಿಗೆ ಎರಡು ವಿಷಯದಲ್ಲಿ ಬಹಳ ಹೆಮ್ಮೆ. ಒಂದು, ಅವರಷ್ಟು ಚೆನ್ನಾಗಿ ಗಾಡಿ ಓಡಿಸುವವರು ಹೊಸಬಾಳೆಯಲ್ಲೇ ಇಲ್ಲ. ಇನ್ನೊಂದು, ಹೆಂಡತಿಯ ಕೈಗೆ ಗಾಡಿ ಕೊಡುವಷ್ಟು ದಡ್ಡರು ಅವರಲ್ಲ.

ಶಿಕಾರಿಪುರದ ತವರಿನಲ್ಲಿ ಗಾಡಿ ಕಲಿತೇ ಬಂದವಳು ನಾನು. ಆನವಟ್ಟಿಯ ಲೋಕಮ್ಮನವರ ಹೊಲಿಗೆ ಅಂಗಡಿಯಲ್ಲಿ ಒಂಬತ್ತಕ್ಕೆ ಮೆಷಿನ್ ಮುಂದೆ ಕೂರಬೇಕು. ನಮ್ಮೂರ ಬಸ್ಸು ಅಲ್ಲಿಗೆ ಮುಟ್ಟುವುದು ಒಂಬತ್ತೂವರೆಗೆ. ಅದು ಬಿಟ್ಟರೆ ಮಧ್ಯಾಹ್ನವೇ. "ಸೋಮವಾರದಿಂದ ತಡ ಆದ್ರೆ ಬರ್ಲೇಬೇಡ" ಎಂದು ಲೋಕಮ್ಮ ಹೇಳಿಬಿಟ್ಟಿದ್ದರು. ಗಂಡನ ಗೊಬ್ಬರದ ಅಂಗಡಿಯೂ ಆನವಟ್ಟಿಯಲ್ಲೇ, ಆದರೆ ತೆಗೆಯುವುದು ಹತ್ತೂವರೆಗೆ. ಅಲ್ಲಿಯವರೆಗೆ ಸ್ಕೂಟಿ ನೆರಳಲ್ಲಿ ವಿಶ್ರಾಂತಿ ಪಡೆಯುತ್ತಿತ್ತು.

ಅಷ್ಟರಲ್ಲಿ ನನ್ನ ತಮ್ಮ ವಸಂತ ಟೀವಿಗೆ ಜೋಡಿಸುವ ವೀಡಿಯೋ ಗೇಮ್ ಹಿಡಿದುಕೊಂಡು ಬಂದ. ಇಬ್ಬರು ಒಟ್ಟಿಗೆ ಆಡುವ ಬೈಕ್ ರೇಸ್. ಗೋಡೆಗೆ ಗುದ್ದಿದರೂ ಬೈಕು ಎದ್ದು ಓಡುತ್ತದೆ, ಪೆಟ್ರೋಲ್ ಮುಗಿಯುವುದೇ ಇಲ್ಲ. ಗಂಡ ಎರಡೇ ದಿನದಲ್ಲಿ ಪಂಡಿತರಾದರು.

"ನನ್ನ ಸೋಲ್ಸು, ಕೀಲಿ ತಗಾ" ಎಂದರು.

ಶನಿವಾರ ಸಂಜೆ ಕೂತೆವು. ಅತ್ತೆ ಗುತ್ಯಮ್ಮ ಬಾಗಿಲ ಬಳಿ ಎಲೆಅಡಿಕೆ ಮೆಲ್ಲುತ್ತ ನೋಡುತ್ತಿದ್ದರು. ನಲವತ್ತು ಕುರಿ ಸಾಕಿಕೊಂಡವರು. ಹಿಂದೊಮ್ಮೆ ಲಾರಿ ಹಾಯ್ದು ಎಂಟು ಕುರಿ ಹೋದಾಗಿನಿಂದ ಟಾರ್ ರಸ್ತೆ ಕಂಡರೆ ಅವರಿಗೆ ಆಗದು. ಸ್ಕೂಟಿಯೂ ಅವರು ಟಗರು ಮಾರಿ ತೆಗೆಸಿಕೊಟ್ಟದ್ದೇ.

ಕೊನೆಯ ಸುತ್ತಿನಲ್ಲಿ ಗಂಡ ಮುಂದಿದ್ದರು. ಆಗ ಟೀವಿಯೊಳಗಿನ ರಸ್ತೆಗೆ ಕುರಿಮಂದೆ ಅಡ್ಡ ಬಂತು.

"ಕುರಿ ಕಣೋ! ನಿಲ್ಸೋ!" ಅತ್ತೆ ಕಿರುಚಿದರು.

ಕುರಿಗಳ ನಡುವೆಯೇ ಬೆಳೆದ ಗಂಡನ ಬೆರಳು ತಾನಾಗಿ ಬ್ರೇಕ್ ಒತ್ತಿತು. ನಾನು ನೆಟ್ಟಗೆ ನುಗ್ಗಿದೆ. ಕುರಿಗಳು ಹತ್ತಿಯ ಉಂಡೆಗಳ ಹಾಗೆ ಹಾರಿದವು, ಒಂದೊಂದಕ್ಕೆ ನೂರು ಪಾಯಿಂಟ್. ಗೆದ್ದೇಬಿಟ್ಟೆ.

"ಕೊಡ್ರೀ ಕೀಲಿ."

"ಕುರಿ ಮ್ಯಾಲೆ ಹಾಯ್ಸಿದೋಳಿಗೆ ನನ್ ಗಾಡಿ ಕೊಡ್ಬ್ಯಾಡ" ಎಂದರು ಅತ್ತೆ.

"ಅವು ಸುಳ್ಳು ಕುರಿ ಅತ್ತೆ!"

"ಕೈ ಸುಳ್ಳಲ್ವಲ್ಲ."

ಗೆದ್ದ ತಪ್ಪಿಗೆ ಕೀಲಿ ಹೋಯಿತು. ನನಗೆ ಹೊಟ್ಟೆ ಉರಿಯಿತು. ಗಂಡನಿಗೆ ಅದಕ್ಕಿಂತ ಹೆಚ್ಚು ಉರಿದಿತ್ತು; ಭಾಮೈದನ ಎದುರಿಗೇ ಹೆಂಡತಿಗೆ ಸೋತಿದ್ದರಲ್ಲ. ಭಾನುವಾರ ಅವರೇ ಕರೆದರು: "ಬಾ, ಇನ್ನೊಂದ್ಸಲ."

ಮತ್ತೆ ಕುರಿ ಬಂದವು. ಈ ಸಲ ಮುಂದಿದ್ದವಳು ನಾನು. ಬ್ರೇಕ್ ಹಾಕಿ ನಿಂತೆ. ಕೊನೆಯ ಮರಿ ದಾಟುವವರೆಗೂ ಅಲುಗಲಿಲ್ಲ. ಗಂಡ ಅಷ್ಟನ್ನೂ ಹಾರಿಸಿಕೊಂಡು ಹೋಗಿ ಗೆದ್ದು, ಎದ್ದು ಕುಣಿದರು. ಅತ್ತೆ ಮೊಳೆಯಿಂದ ಕೀಲಿ ತೆಗೆದು ನನ್ನ ಕೈಗಿಟ್ಟರು.

"ಅವ್ವ, ಗೆದ್ದಿದ್ದು ನಾನು!"

"ಕಂಡೆ" ಎಂದರು ಅತ್ತೆ.

ಸೊಸೆ ಕುರಿಗಾಗಿ ನಿಂತಳೆಂದು ಅವರ ಕಣ್ಣು ಒದ್ದೆಯಾಗಿತ್ತು. ನಾನು ನಿಂತದ್ದು ಕೀಲಿಗಾಗಿ. ನಾಚಿಕೆಯಾಯಿತು, ಆದರೆ ಕೀಲಿ ವಾಪಸ್ ಕೊಡುವಷ್ಟೇನೂ ಆಗಲಿಲ್ಲ.

ಸೋಮವಾರ ಎಂಟೂವರೆಗೆ ಹೊರಟೆ. "ನಾನೂ ಬತ್ತೀನಿ" ಎಂದು ಅತ್ತೆ ಹಿಂದೆ ಹತ್ತಿದರು. ಇನ್ನೇನು ಆನವಟ್ಟಿ ಬಂತು ಎನ್ನುವಾಗ ರಸ್ತೆ ತುಂಬ ಕುರಿ, ಈ ಸಲ ನಿಜದವು. ಬ್ರೇಕ್ ಹಿಡಿದೆ. ಅತ್ತೆ ಇಳಿದು ಕುರಿ ಕಾಯುವವನ ಜೊತೆ ಮಾತಿಗೆ ನಿಂತರು. ಯಾವೂರು, ಯಾರ ಪೈಕಿ, ಮಂದೆಗೆ ಕಾಲುಬೇನೆ ಇದೆಯೋ ಇಲ್ಲವೋ. ಅವನಿಗೂ ಪುರುಸೊತ್ತಿತ್ತು. ಅವನು ನಿಂತನೆಂದು ಕುರಿಗಳೂ ನಿಂತವು. ಗಂಟೆ ಒಂಬತ್ತು ದಾಟಿತು.

ಹಿಂದಿನಿಂದ ಹಾರ್ನ್ ಕೇಳಿಸಿತು. ತಿರುಗಿದರೆ ನಮ್ಮೂರ ಬಸ್ಸು. ಕಿಟಕಿಯಲ್ಲಿ ನನ್ನ ಗಂಡ, ಕುತ್ತಿಗೆ ಪೂರ್ತಿ ಹೊರಗೆ.

"ನುಗ್ಸೇ ನಾಗಶ್ರೀ! ನೂರ್ ಪಾಯಿಂಟು!"

ಮಾತು ನಿಲ್ಲಿಸಿ ಅತ್ತೆ ತಿರುಗಿದರು. ನನ್ನ ಕೈಯನ್ನೇ ನೋಡಿದರು. ನನಗೆ ಲೋಕಮ್ಮನ ಮುಖ ಕಣ್ಣ ಮುಂದೆ ಬಂದು ಅಳುವೇ ಬಂತು. ಬ್ರೇಕ್ ಮಾತ್ರ ಬಿಡಲಿಲ್ಲ.