ಪಿಸುದನಿಯ ಹೆಟ್ಟಿಗೆ

ತಿಲಕಸಿರಿ ಹೆಟ್ಟಿಗೆಯವರು ಮಾತಿಗೆ ಮುನ್ನ ಒಮ್ಮೆ ಬೆನ್ನ ಹಿಂದೆ ತಿರುಗಿ ನೋಡುತ್ತಿದ್ದರು. ಹಿಂದೆ ಗೋಡೆಯೇ ಇದ್ದರೂ ನೋಡುತ್ತಿದ್ದರು. ಕೊಲಂಬೊದ ನಮ್ಮ ಅಂಕಿಅಂಶ ಕಚೇರಿಯಲ್ಲಿ ಅವರ ಕಾಯಕ ಒಂದೇ: ಬ್ರಿಟಿಷರು ಬಿಟ್ಟುಹೋದಂದಿನಿಂದ ದೇಶ ಗಳಿಸಿದ್ದೆಷ್ಟು, ಉಳಿಸಿದ್ದೆಷ್ಟು, ಸಾಲ ತಂದದ್ದೆಷ್ಟು ಎಂಬುದನ್ನು ಇಂದಿನ ಬೆಲೆಗೆ ಇಳಿಸಿ ಎದುರುಬದುರು ನಿಲ್ಲಿಸುವುದು. ಚಹಾ ತೋಟ, ಬಂದರು, ಅರಣ್ಯ, ಓದಿದ ಹೆಣ್ಣುಮಕ್ಕಳು, ಎಲ್ಲವೂ ಅವರಿಗೆ ಸಂಪತ್ತೇ. ಎಲ್ಲಾದರೂ ಕಾಡು ಕಡಿದರೆಂದು ತಿಳಿದ ದಿನ ಸೂತಕದವರಂತೆ ಕೂತು, ಮಧ್ಯಾಹ್ನದ ಅನ್ನದ ಪೊಟ್ಟಣ ಬಿಚ್ಚುತ್ತಿರಲಿಲ್ಲ.

"ಏನ್ ಮಹತ್ತಯಾ ಸಾಹೇಬ್ರೇ, ದೇಶ ಹೇಗಿದೆ?" ಎಂದು ಛೇಡಿಸಿದರೆ, "ಮೆಲ್ಲಗ್ ಮಾತಾಡ್ರಪ್ಪಾ, ಗೋಡೆಗೂ ಕಿವಿ ಇರುತ್ತೆ" ಎನ್ನುತ್ತಿದ್ದರು. ನಗುತ್ತಿದ್ದೆವು, ನಮ್ಮ ಬುದ್ಧಿಗಿಷ್ಟು.

ಆ ವರ್ಷ ಸಾಲ ಸಂಪತ್ತನ್ನು ಹಿಂದೆ ಹಾಕಿತು. ಮೇಲಿನವರು ಕರೆದು, ವರದಿ ಹೊರಬೀಳುವವರೆಗೆ ತುಟಿ ಬಿಚ್ಚಿದರೆ ಪಿಂಚಣಿ ಮರೆತುಬಿಡಿ ಎಂದರು. ಅಂದಿನಿಂದ ಫೋನು ಗಣಗಣಿಸಿದರೆ, ಎತ್ತುವ ಮುನ್ನ ಎರಡೆರಡು ಸಲ ಹಿಂದೆ ನೋಡುತ್ತಿದ್ದರು. ಅದೇ ವಾರ ದಕ್ಷಿಣದ ಮಾತರ ಊರಿನಿಂದ ತಂಗಿ ಕುಸುಮಲತಾ ಕರೆ ಮಾಡಿದಳು. ನಿವೃತ್ತ ಶಿಕ್ಷಕಿ, ಒಬ್ಬಂಟಿ, ಪಕ್ಕದ ಮೇಜಿಗೂ ಕೇಳಿಸುವ ದನಿ.

"ಅಣ್ಣಾ, ರಿಟೈರಾದಾಗ ಬಂದಿರೋ ದುಡ್ಡಷ್ಟನ್ನೂ ಸರ್ಕಾರದ ಬಾಂಡಿಗೆ ಹಾಕ್ಲಾ, ಇಲ್ಲಾ ಪಕ್ಕದ ತೆಂಗಿನ ತೋಟ ತಗೊಳ್ಲಾ? ನಾಳೇನೇ ಹೇಳ್ಬೇಕು."

ಹೆಟ್ಟಿಗೆಯವರು ಹಿಂದೆ ನೋಡಿದರು. ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ತಂಗೀ, ಮನೇಲಿ ನಯ... ಮನೆಗಿಂತ ದೊಡ್ಡದು," ಎಂದರು.

ಮನೆ ಎಂದದ್ದು ದೇಶವನ್ನು; ಸಿಂಹಳದಲ್ಲಿ ನಯ ಎಂದರೆ ಸಾಲ. ಕೊನೆಯ ಸ್ವರ ಕೊಂಚ ಎಳೆದರೆ ನಾಗರಹಾವು. ಹೆದರಿದ ಗಂಟಲು ಎಳೆದುಬಿಟ್ಟಿತ್ತು.

"ಅಯ್ಯಯ್ಯೋ, ಹೊಡೀಬೇಡ! ದುಡ್ಡಿನ ಆಸೆ ಬಿಡದ ಹಿರಿಯರು ಯಾರೋ ಹಾವಾಗಿ ಹುಟ್ಟಿ ಬಂದಿರ್ತಾರೆ. ಕೈಮುಗಿದು, ಹೋಗಪ್ಪಾ ಅನ್ನು. ನಿಂಗೇ ಇಷ್ಟು ಗಾಬರಿ, ಮಧ್ಯೆ ನನ್ ಗೋಳು ಬೇರೆ. ಬಾಂಡಿಗೇ ಹಾಕ್ತೀನಿ ಬಿಡು, ಸರ್ಕಾರ ಎಲ್ಲಿಗ್ ಓಡಿಹೋಗುತ್ತೆ?"

ಒಂದು ಮಾತು ತಿದ್ದಿದ್ದರೆ ಸಾಕಿತ್ತು. ಹೆಟ್ಟಿಗೆಯವರು "ಹ್ಞೂಂ" ಎಂದು ಫೋನು ಇಟ್ಟರು.

ಮರುವರ್ಷ ರೂಪಾಯಿ ನೆಲಕಚ್ಚಿತು. ತೋಟದ ಬೆಲೆ ಎಟುಕದಷ್ಟು ಏರಿತು, ಬಾಂಡಿನ ಬಡ್ಡಿಗೆ ತಿಂಗಳ ಅಕ್ಕಿಯೂ ಬರದಾಯಿತು. ಮನೆ ಮಾರಿ ಅಣ್ಣನ ಮನೆ ಸೇರಿದ ಕುಸುಮಲತಾ, ಚೀಲ ಕೆಳಗಿಡುವ ಮೊದಲು ಮೂಲೆಮೂಲೆ ನೋಡಿ, ಏನೂ ಅರಿಯದ ದನಿಯಲ್ಲಿ ಕೇಳಿದಳಂತೆ: "ಅಣ್ಣಾ, ಆ ಹಾವು ಹೋಯ್ತಾ?"

ನಾಡಿನ ಮುಪ್ಪನ್ನೂ ರೋಗವನ್ನೂ ಮುಂಚಿತವಾಗಿ ಕಾಣಬಲ್ಲ ಈ ಬಗೆಯ ಜನ ಸುಳ್ಳು ಹೇಳುವವರಲ್ಲ. ಅವರ ಲೆಕ್ಕವೂ ತಪ್ಪುವುದಿಲ್ಲ. ಆದರೆ ನಿಜವನ್ನು ಅವರು ಎಷ್ಟು ಸಣ್ಣ ದನಿಯಲ್ಲಿ ಆಡುತ್ತಾರೆಂದರೆ, ಕೇಳಿದವರಿಗೆ ಅದು ಬೇರೇನೋ ಆಗಿ ಕೇಳಿಸುತ್ತದೆ. ಸದ್ಯ, ಹಾಗೆ ಕೇಳಿಸಿತಲ್ಲ ಎಂದು ಒಳಗೊಳಗೇ ಅವರಿಗೆ ಸಮಾಧಾನವೂ ಆಗುತ್ತದೆ.