ಎಲ್ಲರ ಗೋಡೆಯ ನಡುವಿನ ಪಟ

ಡಿನೇಯೊ ಟೀಚರಿಗೆ ಒಳ್ಳೆಯದು ಮಾಡುವ ಹುಚ್ಚು. ಹಾಗೆಂದರೆ ಅವಳಿಗೇನೂ ಬೇಸರವಿರಲಿಲ್ಲ, ತಾನೇ ಹೇಳಿಕೊಂಡು ನಗುತ್ತಿದ್ದಳು. ಬೊಟ್ಸ್ವಾನಾದ ಪಡುವಣ ಮರಳುಸೀಮೆಯ ಆ ಶಾಲೆಗೆ ವರ್ಗವಾಗಿ ಬಂದ ದಿನವೇ ನಾಲ್ಕನೇ ತರಗತಿಯ ಹಿಂದಿನ ಸಾಲು ಅವಳ ಕಣ್ಣಿಗೆ ಚುಚ್ಚಿತು. ಮುಂದೆಲ್ಲ ಊರಿನ ತ್ಸ್ವಾನಾ ಮಕ್ಕಳು, ದನಕರು ಉಳ್ಳವರ ಮಕ್ಕಳು. ಹಿಂದಿನ ಸಾಲಿನಲ್ಲಿ ಹಾಸ್ಟೆಲಿನವರು, ಕಾಡೊಳಗಿನ ಹಾಡಿಗಳಿಂದ ಸರ್ಕಾರದ ಲಾರಿ ಹೊತ್ತು ತಂದು ಇಳಿಸಿಹೋಗುವ ಜುಹ್ವಾನ್ಸಿ ಮಕ್ಕಳು. ಊರಿನವರ ಬಾಯಲ್ಲಿ ಅವರು ಬರೀ ‘ಬಸಾರ್ವಾ’. ಆ ಹೆಸರನ್ನು ಹೇಳುವ ಧಾಟಿಯಲ್ಲೇ ಮೂಗು ಮುರಿಯುವುದು ಕೇಳಿಸುತ್ತಿತ್ತು.

ಆ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಅವರ ಜಾಗ ಖಾಲಿ. ಹೇಳದೆ ಕೇಳದೆ ಮರಳಲ್ಲಿ ನಡೆದು ಮನೆಗೆ ಹೋಗಿಬಿಡುತ್ತಿದ್ದರು.

“ತಲೆ ಕೆಡಿಸ್ಕೋಬೇಡಿ ಮ್ಮಾ,” ಎಂದಿದ್ದರು ಹೆಡ್‌ಮಾಸ್ಟರ್ ಸೆನ್ವೆಲೊ. “ನಾನು ಬಂದಾಗಿಂದ ನೋಡ್ತಿದೀನಿ. ಲಾರಿ ತರುತ್ತೆ, ಕಾಲು ಒಯ್ಯುತ್ತೆ.”

“ಈ ಸಲ ಒಯ್ಯಲ್ಲ ರ್ರಾ.” ಅಲ್ಲಿ ಗಂಡಸರನ್ನು ರ್ರಾ, ಹೆಂಗಸರನ್ನು ಮ್ಮಾ ಎಂದು ಕರೆಯುವುದು ಮರ್ಯಾದೆ.

“ಆಹಾ! ನೋಡೋಣ, ನೋಡೋಣ. ನಾನೂ ಇಲ್ಲೇ ಇರ್ತೀನಿ, ನೀವೂ ಇಲ್ಲೇ ಇರ್ತೀರಿ.”

ಡಿನೇಯೊ ಟೊಂಕ ಕಟ್ಟಿ ಕೆಲಸಕ್ಕಿಳಿದಳು. ಸಾಲುಗಳನ್ನು ಒಡೆದು ಮಕ್ಕಳನ್ನು ಕಲಸಿ ಕೂರಿಸಿದಳು. ಗೋಳಾಡಿಕೊಂಡು ಬಂದ ಊರಿನ ತಾಯಂದಿರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು. ತರಗತಿಯ ಒಂದು ಗೋಡೆಗೆ ‘ಎಲ್ಲರ ಗೋಡೆ’ ಎಂದು ಹೆಸರಿಟ್ಟು ಪ್ರತಿ ಮಗುವಿನ ಮನೆಯ ಚಿತ್ರ ಅಂಟಿಸಿದಳು. ದನದ ಕೊಟ್ಟಿಗೆಯ ಪಕ್ಕದಲ್ಲಿ ಹುಲ್ಲಿನ ಗುಡಿಸಲು ಬಂತು, ಟ್ರಾಕ್ಟರಿನ ಪಕ್ಕದಲ್ಲಿ ಬಿಲ್ಲು ಬಂತು. ಹಾಜರಿಯಲ್ಲಿ ‘ಮಾರಿಯಾ’ ಎಂದಿದ್ದ ಹುಡುಗಿಯ ನಿಜವಾದ ಹೆಸರು ಕೋಬಾ ಎಂದು ತಿಳಿದುಕೊಂಡಳು. ಆ ಹೆಸರು ಶುರುವಾಗುವುದೇ ನಾಲಿಗೆಯನ್ನು ಅಂಗುಳಿಗೆ ಒತ್ತಿ ಟಕ್ಕೆಂದು ಬಿಡುವ ಸದ್ದಿನಿಂದ. ಪಾತ್ರೆ ತೊಳೆಯುವಾಗೆಲ್ಲ ಡಿನೇಯೊ ಟಕ್ ಟಕ್ ಎನ್ನುತ್ತಲೇ ಇದ್ದಳು. ಕೊನೆಗೊಂದು ದಿನ ಹಾಜರಿಯಲ್ಲಿ ಸರಿಯಾಗಿ ಕೂಗಿದಾಗ ಹಾಸ್ಟೆಲಿನ ಮಕ್ಕಳೆಲ್ಲ ಬಾಯಿ ತೆರೆದು ನಕ್ಕರು. ಕೋಬಾ ತಲೆ ಎತ್ತಿ ಟೀಚರ ಮುಖ ನೋಡಿದಳು. ಆ ಒಂದು ನೋಟಕ್ಕೆ ಡಿನೇಯೊ ಮನೆಗೆ ಹೋಗಿ ಅತ್ತಳು.

ಕೋಬಾ ಹಾಸ್ಟೆಲಿನ ಮಕ್ಕಳಲ್ಲಿ ದೊಡ್ಡವಳು. ಚಿಕ್ಕವರೆಲ್ಲ ಅವಳ ಲಂಗ ಹಿಡಿದುಕೊಂಡೇ ತಿರುಗುತ್ತಿದ್ದರು. ಅವಳು ಉಂಡರೆ ಅವರೂ ಉಣ್ಣುವರು, ಅವಳು ಶಾಲೆಯಲ್ಲಿದ್ದರೆ ಅವರೂ ಇರುವರು. ಅವಳು ಹೋದರೆ ಸಾಲಿಗೆ ಸಾಲೇ ಹೋಗುತ್ತದೆ ಎಂಬುದು ಡಿನೇಯೊಗೆ ಗೊತ್ತಿತ್ತು. ಆದರೆ ಆ ಅವಧಿಯಲ್ಲಿ ಒಂದು ಮಗುವೂ ಓಡಿಹೋಗಲಿಲ್ಲ. ಅಷ್ಟೇ ಅಲ್ಲ, ಓದುವುದರಲ್ಲಿ ಕೋಬಾ ಇಡೀ ತರಗತಿಯನ್ನು ಹಿಂದೆ ಹಾಕಿದಳು.

ಆಗ ಡಿನೇಯೊಗೆ ಆ ಯೋಚನೆ ಬಂತು. ಪಾಪ, ಬರಬಾರದಿತ್ತು.

ತ್ಸ್ವಾನಾ ಜನರಲ್ಲಿ ಒಬ್ಬರಿಗೆ ಕೊಡಬಹುದಾದ ದೊಡ್ಡ ಉಡುಗೊರೆ ಎಂದರೆ ಹೊಗಳಿಕೆ. ನಾಲ್ಕು ಜನರ ಮುಂದೆ ಹೆಸರು ಹಿಡಿದು ಬಿರುದಾವಳಿ ಹೇಳುವುದು. ದೊರೆಗೂ ಹೇಳುತ್ತಾರೆ, ಒಳ್ಳೆಯ ಹೋರಿಗೂ ಹೇಳುತ್ತಾರೆ. ಡಿನೇಯೊ ಏಳನೇ ತರಗತಿ ಪಾಸಾದಾಗ ಅವಳ ತಾತ ಅಂಗಳದಲ್ಲಿ ನಿಂತು ಅವಳನ್ನು ಹೊಗಳಿದ್ದ. ಟೀಚರಾಗಬೇಕು ಎಂದು ಅವಳಿಗೆ ಅನ್ನಿಸಿದ್ದೇ ಅಂದು. ಕೋಬಾಳನ್ನು ಹಾಗೆ ಯಾರು ಹೊಗಳಿದ್ದಾರೆ? ಯಾರೂ ಇಲ್ಲ. ನಾನು ಹೊಗಳುತ್ತೇನೆ ಎಂದುಕೊಂಡಳು. ರಾತ್ರಿಯೆಲ್ಲ ಕೂತು ಪದ ಕಟ್ಟಿದಳು. ಕೋಬಾಳ ಪಟವನ್ನು ದೊಡ್ಡದಾಗಿ ತೆಗೆಸಿ ಎಲ್ಲರ ಗೋಡೆಯ ನಡುಮಧ್ಯೆ ಹಾಕಿದಳು.

ಪೋಷಕರ ದಿನ ಲಾರಿ ಹಾಡಿಯ ದೊಡ್ಡವರನ್ನೂ ಕರೆತಂದಿತು. ಕುಟ್ಟಿದ ಮಾಂಸ, ಜೋಳದ ಮುದ್ದೆ, ಶುಂಠಿಯ ಪಾನಕ ಎಲ್ಲ ಇತ್ತು. ಕೋಬಾಳ ಅಜ್ಜಿ ನಿಸಾ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು. ಡಿನೇಯೊ ಕೋಬಾಳ ಕೈ ಹಿಡಿದು ಎಲ್ಲರ ಮುಂದೆ ನಿಲ್ಲಿಸಿ ಗಂಟಲೆತ್ತಿ ಹೇಳತೊಡಗಿದಳು:

“ಯಾರಿವಳು? ಕೋಬಾ!
ಮರಳ ಮೇಲಿನ ಹೆಜ್ಜೆ ಓದುವವರ ಮಗಳು,
ಹಾಳೆಯ ಮೇಲಿನ ಹೆಜ್ಜೆಯನ್ನೂ ಓದಿದವಳು!
ಊರ ಹಸುಗಳನ್ನೆಲ್ಲ ಹಿಂದೆ ಬಿಟ್ಟು ಓಡಿದ ಜಿಂಕೆ!”

ತ್ಸ್ವಾನಾ ಹೆಂಗಸರು ಮೆಚ್ಚಿ ಉಲುಲುಲು ಎಂದು ಕೂಗಿದರು. ಕೋಬಾ ತಲೆ ತಗ್ಗಿಸಿದಳು. ಹಾಡಿಯಿಂದ ಬಂದವರು ಒಬ್ಬರ ಮುಖ ಒಬ್ಬರು ನೋಡದೆ ಮರಳಲ್ಲಿ ಗೀಟು ಎಳೆಯುತ್ತ ಕೂತರು. ಅಷ್ಟರಲ್ಲಿ ಅಜ್ಜಿ ನಿಸಾ ಕೂತಲ್ಲಿಂದಲೇ ದೊಡ್ಡ ದನಿಯಲ್ಲಿ ಏನೋ ಅಂದಳು. ಹಾಡಿಯವರೆಲ್ಲ ಗೊಳ್ಳೆಂದು ನಕ್ಕರು.

“ಏನಂತೆ?” ಡಿನೇಯೊ ಹಾಸ್ಟೆಲಿನ ಮೇಟ್ರನ್ ಮ್ಮಾ ಸಾಬಾಳನ್ನು ಕೇಳಿದಳು. ಮ್ಮಾ ಸಾಬಾಳ ತಾಯಿ ಹಾಡಿಯವಳು, ತಂದೆ ಊರಿನವನು. ಎರಡೂ ಮಾತು ಬರುತ್ತಿತ್ತು.

“ಈ ಸೋಮಾರಿಗೆ ಸೌದೆ ಆರಿಸೋಕೂ ಬರಲ್ಲ, ಇಂಥವಳನ್ನ ನೋಡೋಕೆ ನಮ್ಮನ್ನ ಲಾರೀಲಿ ಕುಲುಕಿಸ್ಕೊಂಡು ಕರೆಸಿದ್ರಾ, ಅಂತಿದಾರೆ.”

ಡಿನೇಯೊಗೆ ಮೈಯೆಲ್ಲ ಉರಿದುಹೋಯಿತು. ಸ್ವಂತ ಮೊಮ್ಮಗಳನ್ನು ಊರವರ ಮುಂದೆ ಹೀಗೆ ಹೀಗಳೆಯುವುದೇ? ಅವಳು ಕೋಬಾಳ ಎರಡೂ ಭುಜ ಹಿಡಿದು ಅಜ್ಜಿಯ ಕಡೆ ತಿರುಗಿಸಿದಳು. “ಹಾಗನ್ನಬೇಡಿ ಮ್ಮಾ! ನಿಮ್ಮ ಹಾಡೀಲಿ ಇಷ್ಟು ಮಕ್ಕಳಿದಾರಲ್ಲ, ಎಲ್ಲರಿಗಿಂತ ಇವಳು ಮೇಲು!” ಎಂದು ಬಿರುದಾವಳಿಯನ್ನು ಮೊದಲಿನಿಂದ ಮತ್ತೊಮ್ಮೆ, ಇನ್ನೂ ಜೋರಾಗಿ ಹೇಳಿದಳು. ಮ್ಮಾ ಸಾಬಾ ಅದನ್ನು ತರ್ಜುಮೆ ಮಾಡಲಿಲ್ಲ. ಈ ಸಲ ಹಾಡಿಯವರು ಯಾರೂ ನಗಲಿಲ್ಲ.

ಮರುದಿನ ಕೋಬಾ ಟೀಚರ ಮೇಜಿನ ಹತ್ತಿರ ಬಂದು ನಿಂತಳು.

“ಮ್ಮಾ, ಆ ಪಟ ತೆಗೀರಿ.”

“ಯಾಕೆ ಪುಟ್ಟಿ? ಎಷ್ಟು ಚೆನ್ನಾಗಿ ಬಂದಿದೆ!”

“ತೆಗೀರಿ ಮ್ಮಾ.”

“ನಾಚ್ಕೋಬಾರದು. ನೀನು ತಲೆ ಎತ್ಕೊಂಡು ಇರಬೇಕು, ಗೊತ್ತಾಯ್ತಾ?”

ಅಂದು ಓದಲು ಎಬ್ಬಿಸಿದಾಗ ಕೋಬಾ ಪ್ರತಿ ಪದವನ್ನೂ ತಪ್ಪಾಗಿ ಓದಿದಳು. ಬೇಕೆಂದೇ ತಪ್ಪು ಓದುತ್ತಿದ್ದಾಳೆಂದು ಕುರುಡನಿಗೂ ತಿಳಿಯುವಂತಿತ್ತು. ಹಾಸ್ಟೆಲಿನ ಚಿಕ್ಕವರು ಖುಷಿಯಿಂದ ನಕ್ಕರು, ಕೋಬಾಳೂ ನಕ್ಕಳು. ಡಿನೇಯೊ ಮಾತ್ರ ನಗಲಿಲ್ಲ. “ನಿನಗೆ ಬರುತ್ತೆ ಅಂತ ನನಗೆ ಗೊತ್ತು, ಎಲ್ಲರಿಗೂ ಗೊತ್ತು. ಸರಿಯಾಗಿ ಓದು,” ಎಂದು ಅವಳು ಓದುವವರೆಗೂ ಕೂರಲು ಬಿಡಲಿಲ್ಲ. ಕೋಬಾ ಕೊನೆಗೆ ಓದಿದಳು. ಚಿಕ್ಕವರು ಸುಮ್ಮನಾದರು.

ರಜೆ ಬಂತು, ರಜೆ ಮುಗಿಯಿತು. ಹಾಡಿಗೆ ಹೋದ ಲಾರಿ ಖಾಲಿ ಬಂತು.

“ಹೇಳಿರಲಿಲ್ವಾ?” ಎಂದರು ಸೆನ್ವೆಲೊ. ಆದರೆ ಅವರ ಮುಖದಲ್ಲಿ ಬೇರೆ ಯಾವುದೋ ಸಂಭ್ರಮವಿತ್ತು. ಅವರು ಕೋಬಾಳ ಪಟವನ್ನೂ ಗೋಡೆಯ ಪಟವನ್ನೂ ಜಿಲ್ಲಾ ಕಚೇರಿಗೆ ಕಳಿಸಿದ್ದರು. ಕಚೇರಿಯವರಿಗೆ ಬಹಳ ಹಿಡಿಸಿತ್ತಂತೆ. ನೋಡಲು ಬರುತ್ತಾರಂತೆ. ಡಿನೇಯೊ ಕಿವಿಗೊಡಲಿಲ್ಲ. ಮ್ಮಾ ಸಾಬಾಳನ್ನು ಕರೆದುಕೊಂಡು ಆಸ್ಪತ್ರೆಯ ಜೀಪು ಹತ್ತಿ ಹಾಡಿಗೆ ಹೊರಟಳು.

ಅವರು ಇಳಿಯುವ ಹೊತ್ತಿಗೆ ಕೋಬಾಳ ಸೋದರಮಾವ ಒಂದು ಮುಳ್ಳುಹಂದಿ ಹೊಡೆದು ತಂದಿದ್ದ. ಕೊಬ್ಬಿ ಉರುಟಾಗಿತ್ತು. ಹಾಡಿಯೆಲ್ಲ ಸುತ್ತ ನೆರೆದಿತ್ತು. ಡಿನೇಯೊಳ ಬಾಯಿಯಲ್ಲೂ ನೀರೂರಿತು. ಆದರೆ ಜನ ಒಬ್ಬೊಬ್ಬರಾಗಿ ಬಂದು ಅದನ್ನು ಕಾಲಿನಿಂದ ತಳ್ಳಿ ಏನೇನೋ ಅನ್ನುತ್ತಿದ್ದರು.

“ಜಗಳಾನಾ?” ಎಂದಳು.

“ಜಗಳ ಯಾಕೆ?” ಮ್ಮಾ ಸಾಬಾ ತರ್ಜುಮೆ ಮಾಡಿದಳು. “ಆ ಹೆಂಗಸು ಅಂತಿದಾಳೆ, ಇದೇನು ಮುಳ್ಳುಹಂದೀನಾ, ಒಣಗಿದ ಪೊರಕೇನಾ ಅಂತ. ಆ ಮುದುಕ, ಇದನ್ನ ಬೇಯಿಸಿದ್ರೆ ನೀರೇ ಹಾಳು ಅಂತಿದಾನೆ. ಬೇಟೆಯವನು ನೋಡಿ, ಹೌದು, ತಾನಾಗೇ ಸಾಯ್ತಾ ಬಿದ್ದಿತ್ತು, ಕನಿಕರದಿಂದ ಎತ್ಕೊಂಡು ಬಂದೆ, ಅಂತಿದಾನೆ.”

ಹಾಗೆ ಬೈಯುತ್ತಲೇ ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಬೈಸಿಕೊಂಡವನ ಮುಖ ಅರಳಿತ್ತು. ಡಿನೇಯೊ ನಿಂತಲ್ಲೇ ನಿಂತಳು. ಪೋಷಕರ ದಿನ ಅಜ್ಜಿ ನಿಸಾ ಆಡಿದ ಮಾತಿನ ಧಾಟಿ ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಪಕ್ಕದಲ್ಲಿದ್ದವಳ ಕಡೆ ತಿರುಗಿದಳು.

“ನಿಮಗೆ ಇದೆಲ್ಲ ಗೊತ್ತಿತ್ತಲ್ಲ ಮ್ಮಾ ಸಾಬಾ? ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ರಾ?” ಎಂದಳು ಮ್ಮಾ ಸಾಬಾ.

ಅಜ್ಜಿ ನಿಸಾ ಅವರನ್ನು ಬೆಂಕಿಯ ಹತ್ತಿರ ಕೂರಿಸಿ ಮಾಂಸದ ಒಳ್ಳೆಯ ತುಂಡನ್ನೇ ಕೊಟ್ಟಳು. ಸಿಟ್ಟೇನೂ ಇರಲಿಲ್ಲ. ಪಕ್ಕದಲ್ಲಿ ಕೋಬಾ ಕೂತಿದ್ದಳು, ಅಜ್ಜಿಯ ಮಾತನ್ನು ಮ್ಮಾ ಸಾಬಾ ತರ್ಜುಮೆ ಮಾಡಿದಳು.

“ನೀನು ಕೆಟ್ಟವಳಲ್ಲ ಮಗಳೇ. ಆದ್ರೆ ಒಬ್ಬರನ್ನ ಎತ್ತಿ ಮೇಲೆ ಕೂರಿಸಿದ್ರೆ ಉಳಿದವರು ಎಲ್ಲಿ ಕೂರಬೇಕು ಹೇಳು? ನಾನು ಅವಳನ್ನ ಬೈದು ಕೆಳಗಿಳಿಸೋಕೆ ನೋಡ್ದೆ. ನೀನು ಮತ್ತೆ ಹತ್ತಿಸಿ ಕೂರಿಸ್ದೆ. ಈಗ ಇಲ್ಲಿನ ಹುಡುಗರು ಅವಳ ಜೊತೆ ತಮಾಷೆ ಮಾಡಲ್ಲ. ತಮಾಷೆ ಮಾಡದಿದ್ರೆ ನಮ್ಮಲ್ಲಿ ಬದುಕಿದ ಹಾಗಲ್ಲ.”

“ಪಟ ತೆಗೆದುಹಾಕ್ತೀನಿ ಅಜ್ಜಿ. ಇವತ್ತೇ ಹೋಗಿ ತೆಗೀತೀನಿ. ಕೋಬಾ, ನಿಜವಾಗ್ಲೂ ತೆಗೀತೀನಿ. ಬರ್ತೀಯಾ?”

ಕೋಬಾ ಎದ್ದು ಅವಳನ್ನು ನೀರಿನ ಟ್ಯಾಂಕಿನ ಬಳಿಗೆ ಕರೆದುಕೊಂಡು ಹೋದಳು. ಟ್ಯಾಂಕಿನ ಹೊಟ್ಟೆಗೆ ಆಳೆತ್ತರದ ಹೊಸ ಪೋಸ್ಟರ್ ಅಂಟಿಸಿತ್ತು. ‘ಎಲ್ಲರ ಶಾಲೆ, ಎಲ್ಲರ ಹೆಮ್ಮೆ.’ ಅದರ ತುಂಬ ಕೋಬಾಳ ಮುಖ. ಜಿಲ್ಲಾ ಕಚೇರಿಯವರು ಒಂದು ಹಾಡಿಯನ್ನೂ ಬಿಡದೆ ಅಂಟಿಸಿ ಹೋಗಿದ್ದರು. ನೀರಿಗೆ ಬಂದವರೆಲ್ಲ ಆ ಮುಖದ ಕೆಳಗೇ ಬಿಂದಿಗೆ ಹಿಡಿಯಬೇಕು.

“ಇದನ್ನೂ ತೆಗೀತೀರಾ ಮ್ಮಾ?”

ಡಿನೇಯೊ ಉಗುರಿನಿಂದ ಕೆರೆದಳು. ಕಬ್ಬಿಣಕ್ಕೆ ಬಿಸಿಲು ಬಿದ್ದು ಅಂಟು ಬಿಗಿದುಕೊಂಡಿತ್ತು. ಉಗುರು ಮುರಿಯಿತೇ ಹೊರತು ಒಂದು ಮೂಲೆಗಿಂತ ಹೆಚ್ಚು ಏಳಲಿಲ್ಲ. ಕೋಬಾ ಅವಳ ಕೈ ಹಿಡಿದು ನಿಲ್ಲಿಸಿದಳು. “ಬಿಡಿ ಮ್ಮಾ,” ಎಂದಳು, ದೊಡ್ಡವರು ಚಿಕ್ಕವರಿಗೆ ಹೇಳುವಂತೆ. ಆಮೇಲೆ ಬಿಂದಿಗೆ ಎತ್ತಿಕೊಂಡು ಹೊರಟುಹೋದಳು. ಚಿಕ್ಕವರು ಯಾರೂ ಅವಳ ಹಿಂದೆ ಹೋಗಲಿಲ್ಲ.

ಮುಂದಿನ ವಾರ ಜಿಲ್ಲಾ ಕಚೇರಿಯ ಅಧಿಕಾರಿಣಿ ಬಂದರು. ಒಳ್ಳೆಯ ಹೆಂಗಸು, ಮಾತು ಮೃದು. ಎಲ್ಲರ ಗೋಡೆಯ ಮುಂದೆ ನಿಂತು ಬಿಲ್ಲು, ಗುಡಿಸಲು ಎಲ್ಲ ನೋಡಿ ತಲೆದೂಗಿದರು. ನಡುವಿನ ಪಟವನ್ನು ಡಿನೇಯೊ ಕಿತ್ತು ಹಾಕಿದ್ದಳು, ಅಲ್ಲಿ ಸುಣ್ಣದ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಸೆನ್ವೆಲೊ ಊರಿನ ಮಕ್ಕಳನ್ನು ದೂರದೂರ ಕೂರಿಸಿ ಖಾಲಿ ಜಾಗ ತುಂಬಿಸಿದ್ದರು. ಮ್ಮಾ ಸಾಬಾ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

“ಪೋಸ್ಟರಿನ ಹುಡುಗಿ ಎಲ್ಲಿ ಮ್ಮಾ? ತುಂಬ ಜಾಣೆಯಂತೆ, ಮಾತಾಡಿಸಬೇಕಿತ್ತು.”

ಡಿನೇಯೊಳ ಬಾಯಿಗೆ ಬಿರುದಾವಳಿಯ ಮೊದಲ ಸಾಲು ತಾನಾಗಿ ಬಂತು. ನುಂಗಿಕೊಂಡಳು. ಆ ಹುಡುಗಿಗೆ ಇನ್ನು ಒಂದೂ ಹೊಗಳಿಕೆಯ ಮಾತು ಹೊರಿಸಲು ಅವಳಿಗೆ ಮನಸ್ಸಾಗಲಿಲ್ಲ. ಒಮ್ಮೆಯಾದರೂ ಅವಳಿಗೆ ಬೇಕಾದುದನ್ನು, ಅವಳ ಅಜ್ಜಿ ಕೊಡುವಂತೆ ಕೊಡಬೇಕೆನ್ನಿಸಿತು.

“ಅವಳಾ?” ಎಂದಳು. “ಅವಳೇನು ಮಹಾ! ಓದೋಕೆ ಬರಲ್ಲ, ಬರೆಯೋಕೆ ಬರಲ್ಲ. ಸೌದೆ ಆರಿಸೋಕೂ ಲಾಯಕ್ಕಿಲ್ಲ.”

ಬಾಗಿಲಲ್ಲಿ ಮ್ಮಾ ಸಾಬಾ ಮುಖ ಮುಚ್ಚಿಕೊಂಡಳು.

ಅಧಿಕಾರಿಣಿ ಡಿನೇಯೊಳ ತೋಳು ಸವರಿದರು. “ನೀವು ನೊಂದ್ಕೋಬೇಡಿ ಮ್ಮಾ. ನಿಮ್ಮ ಕೈಲಾದ್ದೆಲ್ಲ ಮಾಡಿದ್ರಿ. ನಮಗೂ ಅನುಮಾನ ಇತ್ತು. ಆ ಜನಾನೇ ಹಾಗೆ, ಅವರ ತಲೆಗೆ ಹತ್ತಲ್ಲ.”

ಸೆನ್ವೆಲೊ ಹೌದು ಹೌದು ಎಂದರು. ಡಿನೇಯೊ ‘ಅಲ್ಲ’ ಎನ್ನಲು ಬಾಯಿ ತೆರೆದಳು. ಏನು ಹೇಳಿದರೆ ಕೋಬಾಳಿಗೆ ಒಳ್ಳೆಯದಾಗುತ್ತದೋ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅಧಿಕಾರಿಣಿ ಕಾರು ಹತ್ತಿ ಆಗಿತ್ತು.