ದರ್ಜಿ ಅಜ್ಜಿಯ ಟೇಪು

ದರ್ಜಿ ಅಜ್ಜಿ ಹಗ್ಗ ಕಂಡರೂ ಹಾವು ಅನ್ನುವವಳು. ಅಂಗಡಿಯವನು ಮೂರು ಮೀಟರ್ ಬಟ್ಟೆ ಕೊಟ್ಟರೆ ಮನೆಗೆ ತಂದು ಮತ್ತೆ ಅಳೆದು, ಕಡಿಮೆ ಕೊಟ್ಟನೆಂದು ಗೊಣಗುವಳು. ಎದುರುಮನೆಯವಳು ನಕ್ಕರೆ ಯಾಕೆ ನಕ್ಕಳೆಂದು ಸಂಜೆಯವರೆಗೆ ಯೋಚಿಸುವಳು. ಆಕೆ ಕಣ್ಣು ಮುಚ್ಚಿ ನಂಬಿದ್ದು ಎರಡನ್ನೇ: ನಲವತ್ತು ವರ್ಷದಿಂದ ಕೊರಳಲ್ಲಿ ತೂಗುತ್ತಿದ್ದ ಹಳದಿ ಟೇಪು, ಮತ್ತು ಮಕ್ಕಳು ಮೈಕೈ ತುಂಬಿಕೊಂಡಿದ್ದರೆ ಮನೆಗೆ ಬಡತನ ಬಾರದೆಂಬ ಬೀದಿಯ ಮಾತು.

ಹದಿನೈದರ ಮೊಮ್ಮಗಳನ್ನು ಆಕೆ ಕರೆಯುತ್ತಿದ್ದುದೇ ‘ಬೆಣ್ಣೆ’ ಎಂದು. ಸೊಸೆ ಕುರುಕುತಿಂಡಿ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವವಳು. ಮುರಿದ ತುಂಡುಗಳನ್ನು ಅಲ್ಲಿ ದಿನವೂ ಚೀಲ ತುಂಬಾ ಪುಕ್ಕಟೆ ಕೊಡುತ್ತಿದ್ದರು. ಮನೆಗೆ ತರಕಾರಿ ಬರುವುದು ವಾರಕ್ಕೊಮ್ಮೆ. ಶಾಲೆಯ ಮೈದಾನದಲ್ಲಿ ಗೋದಾಮು ಎದ್ದು ಎರಡು ವರ್ಷವಾಗಿತ್ತು. ಆಡಲು ಜಾಗವಿಲ್ಲದೆ ಬೆಣ್ಣೆ ಮನೆಯ ಒಂದೂವರೆ ಕೋಣೆಯಲ್ಲೇ ಕೂತು ಓದುತ್ತಿದ್ದಳು, ತಿನ್ನುತ್ತಿದ್ದಳು. ಆರು ತಿಂಗಳಿಗೊಮ್ಮೆ ಅಜ್ಜಿ ಅವಳ ಸಮವಸ್ತ್ರದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆ ಹೊರತೆಗೆದು, “ಮಗು ಬೆಳೀತಿದೆ” ಎಂದು ಹಿಗ್ಗುತ್ತಿದ್ದಳು. ಹಿಂದೆ ತನ್ನ ಮಗನ, ಅಂದರೆ ಬೆಣ್ಣೆಯ ಅಪ್ಪನ, ಅಂಗಿಗೂ ಹಾಗೆಯೇ ಮಾಡಿದ್ದಳು. ಆ ಮಗ ಮೂವತ್ತೆಂಟನೇ ವಯಸ್ಸಿಗೆ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಯಾರದೋ ಕೆಟ್ಟ ಕಣ್ಣು ಎಂದು ಅಜ್ಜಿ ಅಂದೇ ತೀರ್ಮಾನಿಸಿದ್ದಳು.

ಒಂದು ಮಧ್ಯಾಹ್ನ ಬೆಣ್ಣೆ ಶಾಲೆಯಿಂದ ಚೀಟಿ ತಂದಳು. ಆರೋಗ್ಯ ಕೇಂದ್ರದ ನರ್ಸು ಮಕ್ಕಳ ಸೊಂಟ ಅಳೆದು ರಕ್ತದೊತ್ತಡ ನೋಡಿದ್ದಳಂತೆ. ಇವಳಿಗೆ ಎರಡೂ ಹೆಚ್ಚಂತೆ. ಹೃದಯದ ಪರೀಕ್ಷೆಗೆ ದೊಡ್ಡಾಸ್ಪತ್ರೆಗೆ ಕಳಿಸಲು ಮನೆಯವರ ಸಹಿ ಬೇಕಂತೆ.

“ಆಸ್ಪತ್ರೆಯವರಿಗೆ ಗಿರಾಕಿ ಇಲ್ಲ ಅಂತ ಕಾಣುತ್ತೆ,” ಎಂದಳು ಅಜ್ಜಿ.

“ಮೆಟ್ಟಿಲು ಹತ್ತಿದ್ರೆ ಎದೆ ಡಬಡಬ ಅನ್ನುತ್ತೆ ಅಜ್ಜಿ.”

“ನನಗೂ ಅನ್ನುತ್ತೆ. ನಾನೇನು ಸತ್ತೆನಾ?”

“ನಿನಗೆ ಎಪ್ಪತ್ತು ವರ್ಷ ಅಜ್ಜಿ.”

ಸೊಸೆ ಮೆಲ್ಲಗೆ ಕೇಳಿದಳು: “ಸಹಿ ಹಾಕೋಣ್ವಾ ಅತ್ತೆ?”

“ಎದೆ ರೋಗ ಅಂತ ಹೆಸರು ಬಿದ್ರೆ ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ? ಬಾ ಇಲ್ಲಿ ಬೆಣ್ಣೆ.” ಅಜ್ಜಿ ತನ್ನ ಟೇಪು ಸುತ್ತಿದಳು. ಮೂವತ್ತೈದೂವರೆ. ಚೀಟಿಯಲ್ಲಿ ಮೂವತ್ತೇಳು ಇಂಚು. “ನೋಡಿದ್ರಾ! ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಒಂದೂವರೆ ಇಂಚು ಸುಳ್ಳು!”

ಮರುದಿನ ಅಜ್ಜಿ ಜಗಳಕ್ಕೆ ಸಿದ್ಧಳಾಗಿಯೇ ಆರೋಗ್ಯ ಕೇಂದ್ರಕ್ಕೆ ಹೋದಳು. “ನಿಮ್ಮ ಟೇಪು ಕೊಡಿ ನರ್ಸಮ್ಮ,” ಎಂದು ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟಳು. ತನ್ನದರ ಮೂವತ್ತೈದೂವರೆಯ ಪಕ್ಕದಲ್ಲಿ ಅವರದರ ಮೂವತ್ತೇಳು ಇತ್ತು.

“ನಿಮ್ಮದು ಕುಗ್ಗಿದೆ,” ಎಂದಳು ಅಜ್ಜಿ.

ನರ್ಸು ಉಕ್ಕಿನ ಅಳತೆಪಟ್ಟಿ ತಂದು ನಡುವೆ ಇಟ್ಟಳು. ಅದು ನರ್ಸಿನ ಟೇಪಿಗೆ ಸರಿಯಾಗಿ ಕೂತಿತು. ನಲವತ್ತು ವರ್ಷ ಎಳೆದೆಳೆದು ಹಿಗ್ಗಿದ್ದು ಅಜ್ಜಿಯ ಟೇಪು. ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸುತ್ತಿದ್ದುದರಿಂದ ಇಷ್ಟು ವರ್ಷ ಯಾರ ಬಟ್ಟೆಯೂ ಕೆಟ್ಟಿರಲಿಲ್ಲ. ತಪ್ಪು ಯಾರಿಗೂ ತಿಳಿದಿರಲಿಲ್ಲ. ಅಜ್ಜಿ ಬೆಂಚಿನ ಮೇಲೆ ಕೂತಳು.

“ದಪ್ಪ ಇರೋದು ಹುಡುಗಿಯ ತಪ್ಪಲ್ಲ ಅಜ್ಜಿ,” ಎಂದಳು ನರ್ಸು. “ಬೈಯಬೇಡಿ, ಉಪವಾಸ ಕೆಡವಬೇಡಿ. ಆದ್ರೆ ಹೊಟ್ಟೆ ಸುತ್ತ ಸೇರೋ ಕೊಬ್ಬು, ಈ ಒತ್ತಡ, ಎರಡೂ ಹೃದಯಕ್ಕೆ ಒಳ್ಳೇದಲ್ಲ. ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಎದೆನೋವಿಂದ...”

“ನನ್ನ ಮಗ.” ಅಜ್ಜಿ ಮೇಜಿನ ಮೇಲಿದ್ದ ತನ್ನ ಟೇಪನ್ನು ಸುತ್ತಿಕೊಂಡಳು. “ಅವನು ತೀರಿಕೊಂಡ ತಿಂಗಳೇ ಅಂಗಿ ಲೂಸ್ ಮಾಡಿಕೊಟ್ಟಿದ್ದೆ. ಬೆಳೀತಿದಾನೆ ಅಂತ ನಗಾಡಿದ್ದೆ.”

“ಇವಳಿಗೆ ಇನ್ನೂ ಸಮಯ ಇದೆ.”

ಸಂಜೆ ಸೊಸೆ ಎಂದಿನಂತೆ ಚೀಲ ಹಿಡಿದು ಬಂದಳು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಇನ್ನು ಇದು ಹೊಸಿಲು ದಾಟೋದು ಬೇಡ.”

“ಪುಕ್ಕಟೆ ಅಲ್ವಾ ಅತ್ತೆ?”

“ಪುಕ್ಕಟೆ ಕೊಡೋರನ್ನ ನಾನು ಯಾವತ್ತಾದ್ರೂ ನಂಬಿದ್ದೀನಾ? ಇದೊಂದನ್ನ ಹೇಗೆ ನಂಬಿದೆನೋ! ಚೀಟಿ ಕೊಡು ಬೆಣ್ಣೆ.” ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟು ಅಜ್ಜಿ ಸಹಿ ಹಾಕಿದಳು.

ಎದುರುಮನೆಯವಳು ತನ್ನ ಬಾಗಿಲಿನಿಂದಲೇ ಕತ್ತು ಚಾಚಿದಳು. “ಮೊಮ್ಮಗಳಿಗೆ ಎದೆ ರೋಗವಂತೆ, ಹೌದಾ?”

ನಿನ್ನೆಯಾಗಿದ್ದರೆ ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

“ಇನ್ನೂ ಗೊತ್ತಿಲ್ಲ. ನಾಳೆ ತೋರಿಸೋಕೆ ಹೋಗ್ತಿದೀವಿ,” ಬೀದಿಗೆಲ್ಲ ಕೇಳುವಂತೆ ಹೇಳಿದಳು. “ನಿನ್ನ ಮಗನನ್ನೂ ಕರ್ಕೊಂಡು ಬಾ. ಈ ವರ್ಷ ಅವನ ಪ್ಯಾಂಟನ್ನ ಮೂರು ಸಲ ಲೂಸ್ ಮಾಡಿದವಳು ನಾನೇ.”